ಮೂಗುಬೊಟ್ಟಿನ ಮೇಲೆ ಹೊರಿಸಿದ ತಪ್ಪು

ನನ್ನ ಮೂಗಿನ ಬಲ ಹೊಳ್ಳೆಯನ್ನು ನನ್ನ ಹಣೆಯ ಚರ್ಮದಿಂದ ಮಾಡಿದ್ದಾರೆ. ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಅಲ್ಲಿಯ ಬಣ್ಣ ಸ್ವಲ್ಪ ಕಪ್ಪು, ಅಂಚು ಸ್ವಲ್ಪ ದಪ್ಪ. ಹುಬ್ಬಿನಿಂದ ಕೂದಲಿನವರೆಗೆ ಒಂದು ಗೆರೆಯೂ ಇದೆ. ಹೊಸಬರು ಯಾರಾದರೂ ಕೇಳಿದರೆ ನಮ್ಮ ನೆಂಟರಲ್ಲಿ ಒಬ್ಬರು ನನಗಿಂತ ಮೊದಲೇ ಉತ್ತರ ಕೊಡುತ್ತಾರೆ. "ಪಾಪ, ಇವಳತ್ತೆ ಕೊಟ್ಟ ಮೂಗುಬೊಟ್ಟು ನಂಜಾಯ್ತು. ಆಯಮ್ಮ ಡಾಕ್ಟರಿಗೆ ತೋರಿಸೋಕೆ ಬಿಡದೆ ಅರಿಶಿನ ಹಚ್ಚಿ ಹಚ್ಚಿ ಕ್ಯಾನ್ಸರ್ ಮಾಡಿಬಿಟ್ರು."

ಈ ಮಾತಿನಲ್ಲಿ ಎರಡು ಸುಳ್ಳಿವೆ. ಮೂಗುಬೊಟ್ಟಿನಿಂದ ಕ್ಯಾನ್ಸರ್ ಬರಲಿಲ್ಲ. ಅದನ್ನು ಡಾಕ್ಟರು ಅಂದೇ ಹೇಳಿದರು. ಅತ್ತೆ ನನ್ನನ್ನು ಡಾಕ್ಟರ ಹತ್ತಿರ ಹೋಗದಂತೆ ತಡೆಯಲಿಲ್ಲ. ಅತ್ತೆಯನ್ನು ಬಿಟ್ಟರೆ ಅದು ಗೊತ್ತಿದ್ದವಳು ನಾನೊಬ್ಬಳೇ. ನಾನು ಹೇಳಲಿಲ್ಲ. ಆ ಕಾರಣಕ್ಕೆ ನಮ್ಮ ಮನೆಯಲ್ಲಿ ಒಬ್ಬ ಮಗ ತಾಯಿಯನ್ನು ಅಮ್ಮ ಎಂದು ಕರೆಯುವುದನ್ನು ಬಿಟ್ಟ. ಕಾಯಿಲೆ ವಾಸಿಯಾಗಿ ಏಳು ವರ್ಷವಾಗಿದೆ. ಇಂಥ ಕಾಯಿಲೆ ಬಂದವರಿಗೆ ಧೈರ್ಯ ಬರಲೆಂದು ಬರೆಯುತ್ತಿದ್ದೇನೆ. ಆದರೆ ಆ ಭಾಗವನ್ನು ಬಿಟ್ಟು ಬರೆದರೆ ಇದು ಇನ್ನೊಂದು ಸುಳ್ಳಾಗುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾವು ಜಯನಗರದಲ್ಲಿ ಒಂದು ಔಟ್‌ಹೌಸಿನಲ್ಲಿ ಬಾಡಿಗೆಗೆ ಇದ್ದೆವು. ನಮ್ಮವರು ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ನಾನು ಹತ್ತಿರದ ಹೆಣ್ಣುಮಕ್ಕಳ ಮಾಧ್ಯಮಿಕ ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮಗಳು ಶೈಲಾಗೆ ಆರು ವರ್ಷ. ನಂಜನಗೂಡಿನ ಕಡೆಯಿಂದ ಬಂದ ಅತ್ತೆ ಗೌರಮ್ಮ, ಮಾವ ಹೋದ ಮೇಲೆ ನಮ್ಮ ಜೊತೆಯಲ್ಲೇ ಇದ್ದರು. ಬೆಳಿಗ್ಗೆ ಎದ್ದು ವಿಭೂತಿ ಇಟ್ಟು ಪೂಜೆ ಮುಗಿಸುವವರೆಗೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಅವರ ಬಾಯಿ ನಿಲ್ಲುತ್ತಲೂ ಇರಲಿಲ್ಲ.

ಒಂದು ಗೌರಿ ಹಬ್ಬದ ದಿನ ಅತ್ತೆ ತಮ್ಮ ಏಳು ಕಲ್ಲಿನ ಮೂಗುಬೊಟ್ಟನ್ನು ನನ್ನ ಅಂಗೈಗೆ ಹಾಕಿದರು. ಅದು ಅವರ ತಾಯಿಯದು. "ನಿಮ್ಮಾವ ಹೋದ ಮ್ಯಾಲೆ ಪೆಟ್ಟಿಗೇಲಿ ಕುಂತದೆ. ಅದ್ಯಾಕೆ ಕತ್ಲಲ್ಲಿರ್ಬೇಕು? ನೀನು ಹಾಕ್ಕೊ" ಎಂದರು. ನನ್ನ ಹಳೆಯ ಒಂಟಿ ಕಲ್ಲಿನದನ್ನು ತೆಗೆದು ಅವರೇ ತಿರುಪು ಹಾಕಿದರು. ತಿರುಪು ಬಿಗಿಯಾಗಿ ನನ್ನ ಕಣ್ಣಲ್ಲಿ ನೀರು ಬಂತು. "ಲಕ್ಷಣವಾಗಿ ಕಾಣ್ತೀಯ ಬಿಡು. ಮಾದೇವ, ಬಾರೋ ಇಲ್ಲಿ, ನಿನ್ನ ಹೆಂಡ್ತೀನ ನೋಡು" ಎಂದು ಮಗನನ್ನು ಕರೆದರು.

ಐದಾರು ತಿಂಗಳಾಗಿರಬಹುದು. ಮೂಗುಬೊಟ್ಟಿನ ಪಕ್ಕ, ಹೊಳ್ಳೆ ಕೆನ್ನೆಗೆ ಸೇರುವ ಮಡಿಕೆಯಲ್ಲಿ, ಒಂದು ಚಿಕ್ಕ ಗುಳ್ಳೆ ಎದ್ದಿತು. ಬೇಯಿಸಿದ ಸಬ್ಬಕ್ಕಿ ಕಾಳಿನ ಹಾಗೆ ಹೊಳೆಯುತ್ತಿತ್ತು. ನೋವಿಲ್ಲ, ತುರಿಕೆಯಿಲ್ಲ. ಮೊಡವೆ ಎಂದುಕೊಂಡೆ. ಮೊಡವೆಯಾದರೆ ಹಣ್ಣಾಗಿ ಒಡೆಯಬೇಕು. ಇದು ಹಣ್ಣಾಗಲಿಲ್ಲ, ಒಣಗಲೂ ಇಲ್ಲ. ಮುಖ ಒರೆಸುವಾಗ ಟವೆಲ್ಲಿಗೆ ಒಂದು ಚುಕ್ಕೆ ರಕ್ತ ಅಂಟುತ್ತಿತ್ತು. ಎರಡು ದಿನದಲ್ಲಿ ಹೆಕ್ಕಳೆ ಕಟ್ಟುತ್ತಿತ್ತು. ಹೆಕ್ಕಳೆ ಉದುರಿದಾಗ, ಸದ್ಯ, ಹೋಯಿತು ಎಂದುಕೊಳ್ಳುತ್ತಿದ್ದೆ. ಮೂರು ವಾರಕ್ಕೆ ಅದೇ ಜಾಗದಲ್ಲಿ ಅದೇ ಕಾಳು. ನಮ್ಮನ್ನು ಏಮಾರಿಸಿದ್ದು ಇದೇ. ವಾಸಿಯಾಗದ ಹುಣ್ಣಾಗಿದ್ದರೆ ಹೆದರುತ್ತಿದ್ದೆವೇನೋ. ಇದು ಮತ್ತೆ ಮತ್ತೆ ವಾಸಿಯಾಗುತ್ತಿತ್ತು.

ಮೊದಲು ಮೂಗುಬೊಟ್ಟನ್ನು ಅನುಮಾನಿಸಿದವರು ಅತ್ತೆಯೇ. "ನಮ್ಮವ್ವನ ಬೊಟ್ಟು ನಿಂಗೆ ಆಗಿಬರ್ಲಿಲ್ವೇನೋ" ಎಂದು ಮುಖ ಸಣ್ಣಗೆ ಮಾಡಿಕೊಂಡರು. ಹಬ್ಬಕ್ಕೆ ಮುಂಚೆ ಹೊಸ ತಿರುಪು ಮಾಡಿಕೊಟ್ಟಿದ್ದ ಆಚಾರಿಯ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದರು.

"ಏನಪ್ಪಾ ಆಚಾರಿ, ತಿರುಪಿಗೆ ತಾಮ್ರ ಎಷ್ಟು ತುಂಬಿದ್ದೀಯ? ನನ್ನ ಸೊಸೆ ಮೂಗು ನೋಡು."

ಆಚಾರಿ ಕನ್ನಡಕ ಏರಿಸಿ ನೋಡಿದರು. ಮೂಗುಬೊಟ್ಟನ್ನು ಬಿಚ್ಚಿಸಿಕೊಂಡು, ತಿರುಪನ್ನು ಒರೆಗಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಸಿಡ್ ಹನಿ ಬಿಟ್ಟು ನಮ್ಮ ಮುಂದೆ ಹಿಡಿದರು. "ನೋಡ್ಕೊಳ್ಳಿ ಅಮ್ಮಾವ್ರೇ. ಚಿನ್ನದ ಮೇಲೆ ತಪ್ಪಿಲ್ಲ. ಐವತ್ತು ವರ್ಷ ನಿಮ್ಮ ಮೂಗಲ್ಲಿ ಸುಮ್ಮನಿದ್ದದ್ದು ಇವರ ಮೂಗಿಗೆ ಬಂದ ಮೇಲೆ ಕಚ್ಚುತ್ತಾ?"

"ನನ್ನ ಮೂಗು ಎಮ್ಮೆ ಮೂಗು. ಅವಳದ್ದು ಹಂಗಲ್ಲ" ಎಂದರು ಅತ್ತೆ. ಆಚಾರಿಯೂ ನಕ್ಕರು, ನಾನೂ ನಕ್ಕೆ. ಆದರೆ ಅತ್ತೆಗೆ ಅನುಮಾನ ಹೋಗಲಿಲ್ಲ. ಮೂಗುಬೊಟ್ಟನ್ನು ತೆಗೆಸಿದರು. ಮುತ್ತೈದೆಯ ಮೂಗು ಬರಿದಾಗಬಾರದು, ತೂತೂ ಮುಚ್ಚಿಹೋಗಬಾರದು ಎಂದು ಬೇವಿನ ಕಡ್ಡಿಯನ್ನು ನುಣ್ಣಗೆ ಹೆರೆದು ತೂತಿಗೆ ಸಿಕ್ಕಿಸಿದರು. ಗಾಯವಾದದ್ದು ಬೊಟ್ಟಿನಿಂದ, ಆದ್ದರಿಂದ ತೂತು ಆರುವವರೆಗೆ ಗಾಯವೂ ಆರುವುದಿಲ್ಲ ಎಂದು ನಾವೆಲ್ಲ ನಂಬಿದೆವು. ಎಲ್ಲರೂ ತೂತನ್ನು ನೋಡಿದೆವು. ಗುಳ್ಳೆ ಇದ್ದದ್ದು ತೂತಿನಿಂದ ಅರ್ಧ ಬೆರಳು ಆಚೆಗೆ.

ನಮ್ಮ ಬೀದಿಯ ಡಾಕ್ಟರಿಗೂ ತೋರಿಸಿದ್ದೆ. ವಯಸ್ಸಾದವರು, ಶೈಲಾಳ ಎಲ್ಲ ಜ್ವರಗಳನ್ನೂ ಕಂಡವರು. ಮೊದಲ ಸಲ ಅವರೂ ಮೂಗುಬೊಟ್ಟಿನ ಅಲರ್ಜಿ ಎಂದೇ ಮುಲಾಮು ಬರೆದರು. ಒಂದೂವರೆ ವರ್ಷದ ಮೇಲೆ, ಜುಲೈ ತಿಂಗಳಲ್ಲಿ, ಶಾಲೆಯಿಂದ ಬರುವಾಗ ಒಬ್ಬಳೇ ಮತ್ತೆ ಹೋದೆ. ಗುಳ್ಳೆ ಅಷ್ಟು ಹೊತ್ತಿಗೆ ಕಡಲೆಬೇಳೆಯಷ್ಟಾಗಿತ್ತು. ನಡುವೆ ತಗ್ಗು, ಸುತ್ತ ಹೊಳೆಯುವ ಏರು, ಏರಿನಲ್ಲಿ ಎಳ್ಳಿನ ಚೂರಿನಂತೆ ಕಪ್ಪು ಚುಕ್ಕೆಗಳು. ಡಾಕ್ಟರು ಕಿಟಕಿಯ ಹತ್ತಿರ ಕೂರಿಸಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೈ ತೊಳೆದುಕೊಂಡು ಬಂದು ಕೂತರು.

"ಸರೋಜಮ್ಮ, ಇದು ಮುಲಾಮಿಗೆ ಬಗ್ಗೋದಲ್ಲ ಅನ್ಸುತ್ತೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಕಾಗದ ಬರೆದುಕೊಡ್ತೀನಿ, ದೊಡ್ಡಾಸ್ಪತ್ರೆಗೆ ಹೋಗಿ. ಈ ವಾರವೇ ಹೋಗಿ."

"ಏನಿರಬಹುದು ಡಾಕ್ಟ್ರೇ?"

"ಏನೂ ಇಲ್ಲದೇನೂ ಇರಬಹುದು. ನೋಡಿಬಿಡೋಣ. ಮನೆಯವರನ್ನ ಕರ್ಕೊಂಡು ಹೋಗಿ."

ಆ ಕಾಗದವನ್ನು ಪಾಠ ಟಿಪ್ಪಣಿಯ ಪುಸ್ತಕದೊಳಗೆ ಇಟ್ಟೆ. ಮನೆಗೆ ನಡೆದು ಬರುವಷ್ಟರಲ್ಲಿ, ಇವತ್ತು ಹೇಳುವುದು ಬೇಡ, ನಾಳೆ ಹೇಳೋಣ ಎಂದು ತೀರ್ಮಾನಿಸಿದ್ದೆ. "ಏನಂದ್ರು?" ಎಂದು ನಮ್ಮವರು ಕೇಳಿದರು. "ಮುಲಾಮು ಹಚ್ಚಿ ಅಂದ್ರು" ಎಂದೆ.

ಯಾಕೆ ಹಾಗೆ ಮಾಡಿದೆ ಎಂದು ನನ್ನನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ನಮ್ಮ ಶಾಲೆಯ ಹೊಲಿಗೆ ಟೀಚರು ಎದೆಯ ಗಂಟಿನಿಂದ ಚೂರು ತೆಗೆಸಿಕೊಂಡು ಬಂದು ಆರು ತಿಂಗಳಲ್ಲಿ ತೀರಿಕೊಂಡಿದ್ದರು. ಚೂರು ತೆಗೆದರೆ ಅದು ಎದ್ದು ಕೂರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಮೂಗು ಎಂಬ ಮಾತಿಗೂ ಹೆದರಿದೆ. ಬೆನ್ನಿನಲ್ಲೋ ಕಾಲಿನಲ್ಲೋ ಆಗಿದ್ದರೆ ಹೋಗುತ್ತಿದ್ದೆನೇನೋ. ಐದನೇ ತರಗತಿಯ ಹುಡುಗಿಯರ ಮುಂದೆ ಮೂಗು ಕೊಯ್ಯಿಸಿಕೊಂಡು ನಿಂತು ರಾಮಾಯಣದ ಪಾಠ ಮಾಡುವುದನ್ನು ಕಲ್ಪಿಸಿಕೊಂಡೆ. ಇವೆಲ್ಲ ಕಾರಣಗಳು ನಿಜ. ಆದರೆ ಇವುಗಳಲ್ಲಿ ಯಾವುದರಲ್ಲೂ ಅತ್ತೆ ಇಲ್ಲ.

ಹನ್ನೊಂದು ತಿಂಗಳು ಕಳೆಯಿತು. ಆ ಹನ್ನೊಂದು ತಿಂಗಳೂ ಸಂಜೆ ಶಾಲೆಯಿಂದ ಬಂದು ಕಾಲು ತೊಳೆದು ಅತ್ತೆಯ ಮುಂದೆ ಕೂರುತ್ತಿದ್ದೆ. ಅವರು ಅರಿಶಿನದ ಕೊಂಬನ್ನು ಸಾಣೆಕಲ್ಲಿನಲ್ಲಿ ತೇಯ್ದು, ತುಪ್ಪದಲ್ಲಿ ಕಲಸಿ, ಉಂಗುರದ ಬೆರಳಿನಿಂದ ಹಚ್ಚುತ್ತಿದ್ದರು. ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸುತ್ತಿದ್ದರು. "ಇವತ್ತು ಸ್ವಲ್ಪ ಬತ್ತದೆ ನೋಡು" ಎನ್ನುತ್ತಿದ್ದರು. ಅದು ಬತ್ತಿರುತ್ತಿರಲಿಲ್ಲ. ನಡುನಡುವೆ, "ಡಾಕ್ಟ್ರಿಗೆ ಇನ್ನೊಂದ್ಸಲ ತೋರ್ಸಮ್ಮ" ಎಂದೂ ಹೇಳುತ್ತಿದ್ದರು. ಕನಿಷ್ಠ ಮೂರು ಸಲ ಹೇಳಿದ್ದು ನನಗೆ ನೆನಪಿದೆ. "ನಿಮ್ಮ ಅರಿಶಿನವೇ ಸಾಕು ಅತ್ತೆ" ಎಂದೆ. ಅವರಿಗೆ ಸಂತೋಷವಾಯಿತು.

ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಎರಡನೇ ವಾರ ಒಬ್ಬ ಹುಡುಗಿಯ ಕಾಪಿ ಪುಸ್ತಕ ತಿದ್ದುತ್ತಿದ್ದೆ. ಅವಳ ದುಂಡು ಅಕ್ಷರಗಳ ಮೇಲೆ ಟಪ್ಪೆಂದು ರಕ್ತ ಬಿತ್ತು. ಕರ್ಚೀಫು ಒತ್ತಿ ಹಿಡಿದರೂ ನಿಲ್ಲಲಿಲ್ಲ. ಮುಖ್ಯೋಪಾಧ್ಯಾಯಿನಿ ಆಟೋ ತರಿಸಿ ಮನೆಗೆ ಕಳಿಸಿದರು, ಕಾರ್ಖಾನೆಗೆ ಫೋನ್ ಮಾಡಿದರು. ಮಾರನೆಯ ದಿನ ನಮ್ಮವರು ರಜೆ ಹಾಕಿ ನನ್ನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು.

ಉದ್ದನೆಯ ಬೆಂಚುಗಳು. ಮುಖಕ್ಕೆ ಸೆರಗು, ಟವೆಲ್ಲು, ಕರ್ಚೀಫು ಹಿಡಿದುಕೊಂಡ ಜನ. ಯಾರೂ ಯಾರನ್ನೂ ನೇರವಾಗಿ ನೋಡುತ್ತಿರಲಿಲ್ಲ. ಆದರೂ ಎಲ್ಲರಿಗೂ ಎಲ್ಲರದೂ ಕಾಣುತ್ತಿತ್ತು. ನಾಲ್ಕು ಗಂಟೆ ಕಾದೆವು. ಸರ್ಜನ್ ನಡುವಯಸ್ಸಿನವರು, ಮೆಲುದನಿ. ನೋಡಿದರು, ಒತ್ತಿದರು, ಕೇಳಿದರು.

"ಎಷ್ಟು ದಿನದಿಂದ?"

"ಎರಡೂವರೆ ವರ್ಷದಿಂದ ಸಾರ್" ಎಂದರು ನಮ್ಮವರು. "ಮೂಗುಬೊಟ್ಟು ಹಾಕ್ಕೊಂಡಾಗಿಂದ. ನಮ್ಮ ತಾಯಿ ಅರಿಶಿನ ಹಚ್ತಿದ್ರು."

"ಮೂಗುಬೊಟ್ಟಿಗೂ ಇದಕ್ಕೂ ಸಂಬಂಧ ಇಲ್ಲ. ಅದನ್ನ ತಲೇಲಿಂದ ತೆಗೆದುಹಾಕಿ. ಆದ್ರೆ ಒಂದು ವರ್ಷ ಮುಂಚೆ ಬಂದಿದ್ರೆ ಚಿಕ್ಕದರಲ್ಲಿ ಮುಗೀತಿತ್ತು. ಈಗ ಹೊಳ್ಳೆ ಉಳಿಯಲ್ಲ." ಅವರು ನನ್ನ ಕಡೆ ತಿರುಗಿದರು. "ಯಾರೂ ಹೇಳಲೇ ಇಲ್ವಾಮ್ಮ, ತೋರಿಸಿ ಅಂತ?"

ನನ್ನ ಕೈಚೀಲದಲ್ಲಿ ಪಾಠ ಟಿಪ್ಪಣಿಯ ಪುಸ್ತಕವಿತ್ತು. ಹಿಂದಿನ ವರ್ಷದ್ದಲ್ಲ, ಹೊಸದು. ಕಾಗದವನ್ನು ಬೇಸಿಗೆ ರಜೆಯಲ್ಲಿ ಒಲೆಗೆ ಹಾಕಿದ್ದೆ. ಡಾಕ್ಟರು ಕಾದರು, ನಮ್ಮವರು ಕಾದರು. ಆ ಹೊತ್ತಿನಲ್ಲಿ ಒಂದೇ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದು.

ಬಸ್ಸಿಳಿದು ಮನೆಗೆ ಬಂದ ನಮ್ಮವರು ಚಪ್ಪಲಿ ಕೂಡ ಬಿಡದೆ ಅಡುಗೆಮನೆಗೆ ಹೋಗಿ ಸಾಣೆಕಲ್ಲು, ಅರಿಶಿನದ ಬಟ್ಟಲು ಎರಡನ್ನೂ ತಂದು ಹಿತ್ತಲಿಗೆ ಎಸೆದರು.

"ಯಾಕೋ ಮಾದೇವ, ಏನಾಯ್ತೋ?"

"ಏನಾಯ್ತಾ? ಇವಳ ಮೂಗು ಕೊಯ್ಬೇಕಂತೆ. ನಿನ್ನ ವೈದ್ಯ ಸಾಕು. ಇನ್ನು ಮೇಲೆ ಅವಳ ಮುಖ ಮುಟ್ಟಬೇಡ."

ಅತ್ತೆ ನನ್ನನ್ನು ನೋಡಿದರು. ನಾನು ರೂಮಿಗೆ ಹೋಗಿ ಮಲಗಿದೆ. ಅದಾದ ಮೇಲೆ ವರ್ಷಗಟ್ಟಲೆ ಅವರು ತಾಯಿಯ ಜೊತೆ ನೇರವಾಗಿ ಮಾತಾಡುವುದಿಲ್ಲ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಚೂರು ತೆಗೆದು ಕಳಿಸಿದರು. ಫಲಿತಾಂಶಕ್ಕೆ ಹತ್ತು ದಿನ. ಆ ಹತ್ತು ದಿನಗಳ ಬಗ್ಗೆ, ಈಗ ಅದೇ ಸ್ಥಿತಿಯಲ್ಲಿ ಕಾಯುತ್ತಿರುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ. ಅಷ್ಟೂ ದಿನ ನಾನು ಸತ್ತುಹೋಗಿದ್ದೆ. ಶೈಲಾಳ ಮದುವೆಗೆ ನಾನಿರದಂತೆ, ಅವಳ ಜಡೆ ಇನ್ನೊಬ್ಬಳು ಹೆಣೆಯುವಂತೆ ಎಲ್ಲವನ್ನೂ ಕಂಡುಬಿಟ್ಟೆ. ಹನ್ನೊಂದನೆಯ ದಿನ ಸರ್ಜನ್ ಕಾಗದ ಓದಿ ಹೇಳಿದ್ದು ಬೇರೆ. "ಕ್ಯಾನ್ಸರ್ರೇ. ಆದ್ರೆ ಈ ಜಾತಿ ಊರು ಸುತ್ತೋದಲ್ಲ. ಕೂತಲ್ಲೇ ಕೊರೆಯುತ್ತೆ. ಪೂರ್ತಿ ತೆಗೆದ್ರೆ ನೀವು ಮೊಮ್ಮಕ್ಕಳನ್ನ ನೋಡ್ತೀರಿ." ನಮ್ಮವರು ಮೇಜಿನ ಅಂಚು ಹಿಡಿದುಕೊಂಡು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೊಳ್ಳೆಯನ್ನು ಕತ್ತರಿಸಿ ತೆಗೆದರು. ಹಣೆಯಿಂದ ಒಂದು ಪಟ್ಟಿ ಚರ್ಮವನ್ನು ಬಿಡಿಸಿ, ಹುಬ್ಬಿನ ಹತ್ತಿರ ಬೇರು ಹಾಗೇ ಉಳಿಸಿ, ಕೆಳಕ್ಕೆ ತಿರುಗಿಸಿ ಮೂಗಿಗೆ ಹೊಲಿದರು. ಅದು ಹೊಸ ಜಾಗದಲ್ಲಿ ಜೀವ ಹಿಡಿಯುವವರೆಗೆ ಬೇರನ್ನು ಕತ್ತರಿಸುವ ಹಾಗಿಲ್ಲ. ಮೂರು ವಾರ, ನನ್ನ ಹುಬ್ಬಿನಿಂದ ಮೂಗಿಗೆ ಒಂದು ಮಾಂಸದ ಸೇತುವೆ ಇತ್ತು. ಬಲಗಣ್ಣಿಗೆ ಅದೇ ಅಡ್ಡ. ಏನನ್ನು ನೋಡಬೇಕಾದರೂ ಅದರ ಪಕ್ಕದಿಂದ ನೋಡಬೇಕಾಗಿತ್ತು.

ವಾರ್ಡಿನ ಆಯಾ ನಾನು ಕೇಳುವ ಮೊದಲೇ ಬಚ್ಚಲಿನ ಕನ್ನಡಿಯ ಮೇಲೆ ಟವೆಲ್ ಹಾಕಿಟ್ಟಿದ್ದಳು. ಪಕ್ಕದ ಹಾಸಿಗೆಯಲ್ಲಿ ಬೇಗೂರಿನ ತಾಯಮ್ಮ ಇದ್ದರು. ಹೊಗೆಸೊಪ್ಪಿನಿಂದ ಕೆನ್ನೆಯ ಒಳಗೆ ಹುಣ್ಣಾಗಿ ಅರ್ಧ ದವಡೆ ತೆಗೆಸಿಕೊಂಡವರು. ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಆದರೂ ಆಡುವುದನ್ನು ಬಿಟ್ಟಿರಲಿಲ್ಲ. ಬ್ಯಾಂಡೇಜು ಬಿಚ್ಚಿದ ದಿನ ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ.

"ಏ ಮೇಡಮ್ಮಾರೇ, ಈ ಕಡೆ ತಿರುಗ್ರವ್ವ."

ತಿರುಗಿದೆ. ಅವರು ಸಾವಕಾಶವಾಗಿ ನೋಡಿದರು.

"ಅಯ್ಯ, ಸೊಂಡ್ಲು! ಗಣಪ್ಪನಂಗೆ ಕಾಣ್ತೀರ. ಚೌತಿ ಬೇರೆ ಹತ್ರ ಬಂತು. ಇಲ್ಲೇ ಕುಂಡ್ರಿಸಿ ಕಡುಬು ಇಡ್ತೀನಿ ತಾಳಿ."

ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ನೋಯುತ್ತಿದ್ದರೂ ನಕ್ಕೆ. ಆಮೇಲೆ ಅಳು ಬಂತು. ತಾಯಮ್ಮ ಅಳುವುದಕ್ಕೆ ಬಿಟ್ಟರು. ಸಮಾಧಾನದ ಮಾತೊಂದನ್ನೂ ಆಡದೆ ನನ್ನ ಪಾದವನ್ನು ಹೊದಿಕೆಯ ಮೇಲಿನಿಂದ ಒತ್ತುತ್ತಾ ಕೂತರು. ಅವರು ನನಗಿಂತ ಮುಂಚೆ ಮನೆಗೆ ಹೋದರು. ಮುಂದಿನ ತಪಾಸಣೆಯ ದಿನ ವಿಚಾರಿಸಿದೆ. ಅವರು ಮತ್ತೆ ಬರಲಿಲ್ಲ ಎಂದಷ್ಟೇ ಆಯಾ ಹೇಳಿದಳು.

ಆಸ್ಪತ್ರೆಗೆ ಅತ್ತೆ ಬರಲಿಲ್ಲ. ಬರಬಾರದೆಂದು ನಮ್ಮವರು ಶೈಲಾಳ ಮೂಲಕ ಹೇಳಿಸಿದ್ದರು. ಪ್ರತಿದಿನ ನಮ್ಮವರು ತರುತ್ತಿದ್ದ ಟಿಫಿನ್ ಕ್ಯಾರಿಯರಿನಲ್ಲಿ ನುಣ್ಣಗೆ ಕಿವುಚಿ ತಿಳಿಸಾರಿನಲ್ಲಿ ಕಲಸಿದ ಅನ್ನ ಇರುತ್ತಿತ್ತು. ಬಾಯಿ ಅಗಲಿಸದೆ ನುಂಗುವ ಹಾಗೆ. ಯಾರು ಕಲಸಿದ್ದೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಸೇತುವೆ ಕತ್ತರಿಸಿದ ಮೇಲೆ ಮನೆಗೆ ಬಂದೆ. ಬಾಗಿಲಲ್ಲಿ ನಿಂತಿದ್ದ ಶೈಲಾ ನನ್ನನ್ನು ನೋಡಿ ಅಜ್ಜಿಯ ಸೀರೆಯ ಹಿಂದೆ ಅವಿತಳು. ಅತ್ತೆ ಅವಳ ತಲೆಗೆ ಮೆಲ್ಲಗೆ ಮೊಟಕಿ, "ನಿಮ್ಮವ್ವ ಕಣೆ. ದನಿ ಕೇಳು, ದನಿ ಬದಲಾಗಿಲ್ಲ. ಮಾತಾಡ್ಸಮ್ಮ ಸರೋಜ, ಮಗು ಹೆಸ್ರು ಹಿಡಿದು ಕರಿ" ಎಂದರು. ಕರೆದೆ. ಮಗಳು ಬಂದಳು. ಬಂದು ಮೂಗನ್ನು ಮುಟ್ಟಿ, "ನೋಯುತ್ತಾ?" ಎಂದಳು. ಅಲ್ಲಿ ನನಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. "ಇಲ್ಲ" ಎಂದೆ.

ಅತ್ತೆ ಮಾತ್ರ ಹತ್ತಿರ ಬರಲಿಲ್ಲ. ನನ್ನ ಮುಖ ಮುಟ್ಟಬೇಡ ಎಂದು ಮಗ ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದರು. ತಲೆಗೆ ಎಣ್ಣೆ ಹಚ್ಚುವುದನ್ನೂ ನಿಲ್ಲಿಸಿದರು.

ಮನೆಯಲ್ಲಿ ಹೊಸ ಭಾಷೆಯೊಂದು ಬಂತು. "ಶೈಲಾ, ಅಜ್ಜಿಗೆ ಹೇಳು, ಪೆನ್ಶನ್ ಕಾಗದಕ್ಕೆ ಹೆಬ್ಬೆಟ್ಟು ಹಾಕ್ಬೇಕಂತೆ." "ಶೈಲಾ, ನಿಮ್ಮಪ್ಪಂಗೆ ಕೇಳು, ರೊಟ್ಟಿ ಇನ್ನೊಂದು ಬೇಕಾ." ಇಬ್ಬರೂ ಒಂದೇ ಕೋಣೆಯಲ್ಲಿ, ಮೂರು ಅಡಿ ದೂರದಲ್ಲಿ. ನಮ್ಮವರು ಕೆಟ್ಟವರಲ್ಲ. ತಾಯಿಗೆ ಔಷಧ ತರುವುದು, ಚಳಿಗಾಲಕ್ಕೆ ಹೊದಿಕೆ ತರುವುದು ಯಾವುದನ್ನೂ ತಪ್ಪಿಸಲಿಲ್ಲ. ಅಮ್ಮ ಎಂಬ ಪದ ಒಂದನ್ನು ಬಿಟ್ಟಿದ್ದರು. ಅತ್ತೆಯ ಮಾತೂ ಕಡಿಮೆಯಾಯಿತು. ಬೆಳಿಗ್ಗೆಯ ಪೂಜೆ ಮುಗಿದ ಮೇಲೂ ಮನೆ ಸದ್ದಿಲ್ಲದೆ ಇರುತ್ತಿತ್ತು. ಬಂದ ನೆಂಟರು ಅತ್ತೆಯ ಎದುರಿಗೇ ಮೂಗುಬೊಟ್ಟಿನ ಕಥೆ ಹೇಳುತ್ತಿದ್ದರು. ಅತ್ತೆ, "ಹೂಂ ಕಣವ್ವ, ನನ್ನ ಕೈಗುಣ" ಎನ್ನುತ್ತಿದ್ದರು. ನಾನು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ.

ಇವತ್ತು ಹೇಳುತ್ತೇನೆ ಎಂದುಕೊಳ್ಳದ ದಿನವಿರಲಿಲ್ಲ. ಆದರೆ ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕಾಗಿತ್ತು. ಪ್ರತಿಸಲವೂ ನಮ್ಮವರು ರಜೆ ಹಾಕಿ, ನನ್ನ ತೋಳು ಹಿಡಿದು, ಬಸ್ಸಿನಲ್ಲಿ ಜನ ನೋಡದ ಹಾಗೆ ನನ್ನನ್ನು ಕಿಟಕಿಯ ಪಕ್ಕ ಕೂರಿಸಿ ತಾವು ಅಡ್ಡ ಕೂರುತ್ತಿದ್ದರು. ಆ ಪ್ರೀತಿಯನ್ನು ಕಳೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಅರ್ಧ ಮೂಗು ಹೋದವಳಿಗೆ ಉಳಿದಿದ್ದು ಅದೊಂದೇ ಎಂದು ಆಗ ಅನಿಸುತ್ತಿತ್ತು.

ಆಪರೇಷನ್ ಆದ ಮೇಲಿನ ಮೂರನೆಯ ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಮಧ್ಯಾಹ್ನ ನಮ್ಮವರು ಶೈಲಾಳನ್ನು ಕರೆದುಕೊಂಡು ನಾಲ್ಕನೇ ಬ್ಲಾಕಿಗೆ ಹೋಗಿದ್ದರು. ನಾನೂ ಅತ್ತೆಯೂ ನೆನೆಹಾಕಿದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತುಕುತ್ತಿದ್ದೆವು. ಅತ್ತೆಯ ಕೈ ಆಗಲೇ ನಡುಗುತ್ತಿತ್ತು. ಬೇಳೆ ಸಿಡಿದು ಎಲ್ಲೆಲ್ಲೋ ಬೀಳುತ್ತಿತ್ತು. ಒಂದು ಸಿಪ್ಪೆ ನನ್ನ ಮೂಗಿಗೆ ಅಂಟಿತು. ನನಗೆ ತಿಳಿಯಲಿಲ್ಲ, ಅತ್ತೆಗೆ ಕಂಡಿತು. ಅದನ್ನು ತೆಗೆಯಲು ಕೈ ಎತ್ತಿದವರು ಅರ್ಧಕ್ಕೆ ನಿಲ್ಲಿಸಿ, "ಮೂಗಿನ ಮ್ಯಾಲೆ ಸಿಪ್ಪೆ ಕುಂತದೆ, ಒರೆಸ್ಕೊ" ಎಂದರು.

ಆ ನಿಂತ ಕೈಯನ್ನು ನೋಡಿ ಹೇಳಿಬಿಟ್ಟೆ. ಬೀದಿಯ ಡಾಕ್ಟರು, ಕಾಗದ, ಹನ್ನೊಂದು ತಿಂಗಳು, ಒಲೆ, ಸರ್ಜನ್ ಕೇಳಿದ್ದು, ತಲೆ ಅಲ್ಲಾಡಿಸಿದ್ದು ಎಲ್ಲವನ್ನೂ ಹೇಳಿದೆ. ಅತ್ತೆ ಹಿತುಕುವುದನ್ನು ನಿಲ್ಲಿಸಲಿಲ್ಲ.

"ನಾನು ಹಚ್ಚುತ್ತಿದ್ದಾಗೆಲ್ಲ ಕಾಗದ ನಿನ್ನ ಹತ್ರ ಇತ್ತಾ?"

"ಇತ್ತು ಅತ್ತೆ."

"ಮುಖ ಕೊಟ್ಕೊಂಡು ಕುಂತಿದ್ದಲ್ಲೇ."

ಅವರು ಬೈದದ್ದು ಅಷ್ಟೇ. ನಾನು ಅವರ ಕಾಲು ಮುಟ್ಟಿದೆ. "ಇವತ್ತೇ ಅವರಿಗೆ ಹೇಳ್ತೀನಿ. ಬಂದ ತಕ್ಷಣ ಹೇಳ್ತೀನಿ."

"ಬ್ಯಾಡ."

"ಅತ್ತೆ..."

"ಬ್ಯಾಡ ಅಂದ್ರೆ ಬ್ಯಾಡ. ನನ್ನ ಮ್ಯಾಲೇ ಇರ್ಲಿ. ನಾನು ಹೆತ್ತೋಳು. ನನ್ನ ಮ್ಯಾಲೆ ಎಷ್ಟು ದಿನ ಸಿಟ್ಟು ಮಾಡ್ಕಂಡಾನು? ಇವತ್ತಲ್ಲ ನಾಳೆ ಬತ್ತಾನೆ. ನಿನ್ನ ಮ್ಯಾಲೆ ಬಂದ್ರೆ ಅದು ಹೋಗಕ್ಕಿಲ್ಲ. ಗಂಡಂದ್ರ ಸಿಟ್ಟು ನಂಗೆ ಗೊತ್ತದೆ. ನಿಮ್ಮಾವ ಒಂದ್ಸಲ ಕಟ್ಕಂಡಿದ್ದು ಸಾಯೋಗಂಟ ಬಿಡ್ಲಿಲ್ಲ." ಬಟ್ಟಲನ್ನು ನನ್ನ ಕಡೆ ತಳ್ಳಿದರು. "ಬಿರನೆ ಹಿತುಕು. ಅವನಿಗೆ ಹಿತುಕಿದ ಬೇಳೆ ಸಾರು ಅಂದ್ರೆ ಪ್ರಾಣ."

ನಾನು ಒಪ್ಪಿಕೊಂಡೆ. ಒಪ್ಪಿಕೊಳ್ಳಲು ನನಗೆ ಕಷ್ಟವಾಗಲಿಲ್ಲ ಎಂಬುದನ್ನೂ ಬರೆಯಬೇಕು. ಹಗುರವಾಯಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಶಿವರಾತ್ರಿಗೆ ಹತ್ತು ದಿನ ಇರುವಾಗ ಅತ್ತೆ ಹಾಸಿಗೆ ಹಿಡಿದರು. ಎದೆಯಲ್ಲಿ ಕಫ ಕಟ್ಟಿತ್ತು. ಕೊನೆಯ ಎರಡು ದಿನ ನಮ್ಮವರು ಕೆಲಸಕ್ಕೆ ಹೋಗದೆ ತಾಯಿಯ ಪಕ್ಕದಲ್ಲೇ ಇದ್ದರು. ಒಮ್ಮೆ ನಾನು ಗಂಜಿ ಹಿಡಿದು ಬಂದಾಗ ಬಾಗಿಲು ಅರ್ಧ ಮುಚ್ಚಿತ್ತು, ಒಳಗೆ ಅವರ ದನಿ ಕೇಳಿತು. ನಾನು ಹೊರಗೇ ನಿಂತೆ. ಮಾತು ಏನೆಂದು ಕೇಳಿಸಲಿಲ್ಲ. ಮಾತಾಡುತ್ತಿದ್ದಾರೆ ಎಂಬುದೇ ಸಾಕೆನಿಸಿತು. ಮಾರನೆಯ ಬೆಳಿಗ್ಗೆ ಅತ್ತೆ ತೀರಿಕೊಂಡರು. ನಮ್ಮ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಿದೆವು.

ಮುಖದ ಮೇಲೆ ಸಬ್ಬಕ್ಕಿಯಂಥ ಒಂದು ಕಾಳು ವಾಸಿಯಾಗಿ ಮತ್ತೆ ಬರುತ್ತಿದ್ದರೆ, ಅದರ ಪಕ್ಕದಲ್ಲಿ ಏನಿದೆ ಎಂದು ಹುಡುಕಬೇಡಿ. ಮೂಗುಬೊಟ್ಟಿರಲಿ, ಕುಂಕುಮವಿರಲಿ, ಸೋಪಿರಲಿ, ಯಾವುದರ ಮೇಲೂ ಹಾಕಬೇಡಿ. ಅದನ್ನೇ ತೋರಿಸಿ. ಕಾಗದ ಕೊಟ್ಟರೆ ಒಬ್ಬರಿಗಾದರೂ ಓದಿಸಿ. ಒಬ್ಬಳೇ ಇಟ್ಟುಕೊಳ್ಳಬೇಡಿ. ಮೂಗಿಲ್ಲದೆ ಬದುಕಬಹುದು. ನನ್ನ ಹುಡುಗಿಯರು ನನ್ನ ಮುಖವನ್ನು ನೋಡಿದ್ದು ಎರಡು ವಾರ. ಆಮೇಲೆ ಎಂದಿನಂತೆ ಬೋರ್ಡನ್ನೂ ಕಿಟಕಿಯನ್ನೂ ನೋಡತೊಡಗಿದರು.

ಇದನ್ನು ಬರೆದು ಅಚ್ಚಿಗೆ ಕಳಿಸುವ ಮುನ್ನ ನಮ್ಮವರಿಗೆ ಓದಲು ಕೊಡಬೇಕೆಂದಿದ್ದೆ. ಆದರೆ ಕಾಗದದ ಹಿಂದೆ ಅವಿತುಕೊಳ್ಳುವುದು ನನ್ನ ಹಳೆಯ ಚಾಳಿ. ಅದಕ್ಕೇ ಎದುರಿಗೆ ಕೂತು ಬಾಯಲ್ಲೇ ಹೇಳಿದೆ. ಅವರು ಪೂರ್ತಿ ಕೇಳಿದರು. ನಕ್ಷೆ ನೋಡುವಾಗಿನ ಹಾಗೆ, ಕಣ್ಣು ಮಿಟುಕಿಸದೆ.

"ಅಮ್ಮಂಗೆ ಗೊತ್ತಿತ್ತಾ?"

ಎಷ್ಟೋ ವರ್ಷಗಳ ಮೇಲೆ ಆ ಪದವನ್ನು ಅವರ ಬಾಯಲ್ಲಿ ಕೇಳಿದೆ.

"ಗೊತ್ತಿತ್ತು. ಅವರೆಕಾಯಿ ಕಾಲದಲ್ಲಿ ಹೇಳಿದ್ದೆ. ನಿಮಗೆ ಹೇಳಬೇಡ ಅಂದ್ರು."

"ಅಂದ್ರೆ ಹೋಗೋ ಮುಂಚೇನೇ ಗೊತ್ತಿತ್ತು."

"ಹೂಂ."

ಅವರು ಅಂಗೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. "ಹಿಂದಿನ ದಿನ ಅವಳ ಹತ್ರ ಕೂತು ನಾನೇನಂದೆ ಗೊತ್ತಾ? ಹೋಗ್ಲಿ ಬಿಡಮ್ಮ, ನಿನಗೆ ಗೊತ್ತಾಗದೆ ಮಾಡಿದ್ದು, ನಾನು ಮನಸ್ಸಲ್ಲಿ ಇಟ್ಕೊಂಡಿಲ್ಲ ಅಂದೆ. ಕ್ಷಮಿಸಿದೆ ಕಣೆ ನಾನು ಅವಳನ್ನ."

"ಅವರೇನಂದ್ರು?"

"ದೊಡ್ಡ ಮನಸ್ಸು ಮಾಡ್ದೆ ಕಣಪ್ಪ, ಅಂದ್ಲು."

ಅವರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಸರೋಜ, ಒಂದು ಲೋಟ ಕಾಫಿ ಕೊಡು" ಎಂದರು. ಗಂಡಂದಿರ ಸಿಟ್ಟಿನ ಬಗ್ಗೆ ಅತ್ತೆ ಹೇಳಿದ್ದು ತಪ್ಪಾಗಿತ್ತು. ನನಗೆ ನಾಲ್ಕು ದಿನ ಸಾಕಾಯಿತು. ಅತ್ತೆ ನನ್ನ ಬದಲಿಗೆ ಮಗನ ಮಾತಿಗಾಗಿ ಎರಡೂವರೆ ವರ್ಷಕ್ಕೂ ಹೆಚ್ಚು ಕಾದಿದ್ದರು.